ಐದು ಗೂಡಿನ ನಕ್ಷತ್ರ

ಡಿಸೆಂಬರ್ ಬಂತೆಂದರೆ ನಾನು ಕೈಕೆಲಸದ ಸಂತೆಗಳಿಗೆ ಹೋಗುತ್ತೇನೆ. ಚರ್ಚಿನ ಅಂಗಳವಾದರೂ ಸರಿ, ಶಾಲೆಯ ಮೈದಾನವಾದರೂ ಸರಿ. ಕೊಳ್ಳುವುದು ಕಡಿಮೆ, ಮುಟ್ಟಿ ನೋಡುವುದು ಜಾಸ್ತಿ. ಇಡೀ ರೇಷ್ಮೆ ಗೂಡಿನಲ್ಲಿ ಮಾಡಿದ ನಕ್ಷತ್ರವೋ ಹಾರವೋ ಕಂಡರೆ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಮೇಜಿನ ಹಿಂದಿನ ಹುಡುಗಿಯರು ಈ ಮುದುಕಿಗೆ ಏನೋ ಆಗಿದೆ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ, ನನಗೇನಂತೆ! ಒಳಗೆ ಒಣಗಿದ ಹುಳ ಗಲಗಲ ಅಂದರೆ ಮಾತ್ರ ನನಗೆ ಸಮಾಧಾನ. ಏಕೆ ಅಂತ ಯಾರಾದರೂ ಕೇಳಿದರೆ ಹೇಳೋಣವೆಂದುಕೊಂಡಿದ್ದೆ. ಯಾರೂ ಕೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ. ಮನೆಯ ಹಿಂದಿನ ಶೀಟಿನ ಕೊಟ್ಟಿಗೆಯಲ್ಲಿ ಅಣ್ಣ ಎರಡು ಚರಕ ಹಾಕಿಕೊಂಡು ರೇಷ್ಮೆ ನೂಲು ತೆಗೆಸುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಹೋಗಿಬಿಟ್ಟಿದ್ದರು. ಮನೆಯಲ್ಲಿ ಮೂರೇ ಜನ, ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಬೇರೆ ಯಾರೋ ಅಲ್ಲ, ನಮ್ಮ ಸೋದರಮಾವನ ಮಗಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳಾದರೂ ಜೊತೆಯಲ್ಲೇ ಆಡಿ, ಜಡೆ ಹಿಡಿದು ಜಗಳವಾಡಿ ಬೆಳೆದವರು ನಾವು. ಒಂದು ಚರಕಕ್ಕೆ ಕೂಲಿಯ ಹೆಂಗಸು ಬರುತ್ತಿದ್ದಳು. ಇನ್ನೊಂದರ ಮುಂದೆ ಅತ್ತಿಗೆ. ಬಾಣಲೆಯಲ್ಲಿ ಕುದಿಯುವ ನೀರು, ಅದರಲ್ಲಿ ಬೇಯುವ ಗೂಡು. ಆ ನೀರಿನಲ್ಲೇ ಕೈಯಾಡಿಸಿ ಕೂದಲಿಗಿಂತ ಸಣ್ಣ ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಬೆರಳು ಬೆಳ್ಳಗೆ ಉಬ್ಬಿ, ಗೆಣ್ಣುಗಳಲ್ಲಿ ಬಿರಿದು, ಊಟಕ್ಕೆ ಕೂತರೆ ಸಾರಿನ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ದಸರಾ ಕಳೆದ ಮೇಲೆ ಅವಳು ಉರಿ ಅನ್ನುವುದನ್ನು ನಿಲ್ಲಿಸಿದಳು. ವಾಸಿಯಾಗುತ್ತಿದೆ ಅಂದುಕೊಂಡೆ.

ನಾನೋ, ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮನೆಮಗಳು. ಬಾಣಲೆಯ ಹತ್ತಿರ ಸುಳಿದವಳಲ್ಲ. "ಅವ್ಳು ಓದಿದೋಳು, ಕೈ ಯಾಕ್ ಕೆಡಿಸ್ಕೋಬೇಕು" ಅಂತ ಅಣ್ಣನೇ ಹೇಳುತ್ತಿದ್ದ. ಅತ್ತಿಗೆಯ ಕೈ ಕೆಟ್ಟರೆ ಪರವಾಗಿಲ್ಲವೇ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಇವತ್ತು ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ದಸರಾದ ಹಿಂದಿನ ವರ್ಷ ಕ್ರಿಸ್ಮಸ್ ಹತ್ತಿರದಲ್ಲಿ ಅಣ್ಣನ ಜೊತೆ ನಾನೂ ಅತ್ತಿಗೆಯೂ ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಅಣ್ಣ ನೂಲು ಕೊಡಲು ನೇಕಾರರ ಬೀದಿಗೆ ಹೋದ. ನಾವಿಬ್ಬರೂ ಬಿಸಿಲಿಗೆ ನಿಲ್ಲಲಾರದೆ ಚರ್ಚಿನ ಅಂಗಳಕ್ಕೆ ನುಗ್ಗಿದೆವು. ಅಲ್ಲಿ ಬೇವಿನ ಮರದ ಕೆಳಗೆ ಸಾಲಾಗಿ ಮೇಜು ಹಾಕಿ ಕೈಕೆಲಸದ ಸಾಮಾನು ಮಾರುತ್ತಿದ್ದರು. ಕ್ರೋಶಾದ ಬಿಳಿ ಬಟ್ಟೆ, ಈಚಲ ಗರಿಯ ಬುಟ್ಟಿ, ಬಣ್ಣದ ಕಾಗದದ ನಕ್ಷತ್ರ, ಬಟ್ಟೆ ಗೊಂಬೆ. ಅತ್ತಿಗೆ ಪ್ರತಿಯೊಂದನ್ನೂ ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದಳು. "ಲೇ, ನಮ್ ಗೂಡಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ಬೋದು ಕಣೇ" ಅಂದಳು. ಮೇಜುಗಳ ಉಸ್ತುವಾರಿ ನೋಡುತ್ತಿದ್ದ ಸಿಸ್ಟರ್ ಅದನ್ನು ಕೇಳಿಸಿಕೊಂಡರು. ಮಂಗಳೂರಿನ ಕಡೆಯವರು, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. "ಹೌದಾ? ಹಾಗಾದರೆ ಮಾಡಿ ತನ್ನಿ, ನೋಡುವ" ಅಂದರು.

ಅತ್ತಿಗೆ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಳು. ನೂಲಿಗೆ ಬಾರದ ಗೂಡನ್ನು ಕತ್ತರಿಸಿ ಹೂ ಮಾಡಿದಳು, ಹೂ ಪೋಣಿಸಿ ಹಾರ ಮಾಡಿದಳು. ಅಣ್ಣ ದೊಡ್ಡಬಳ್ಳಾಪುರಕ್ಕೆ ಹೋದಾಗಲೆಲ್ಲ ಒಂದೊಂದು ಕಳಿಸುತ್ತಿದ್ದಳು. ಕೊನೆಗೊಮ್ಮೆ ಸಿಸ್ಟರ್ ಹೇಳಿ ಕಳಿಸಿದರು. ಅವರ ಹೊಲಿಗೆ ಶಾಲೆಯ ಟೀಚರಿಗೆ ಮದುವೆ ಗೊತ್ತಾಗಿತ್ತು. ಈ ಸಲದ ಕ್ರಿಸ್ಮಸ್ ಸಂತೆಯಲ್ಲಿ ಒಂದು ಮೇಜು ಕೊಡುತ್ತಾರೆ, ಕೆಲಸ ಅಚ್ಚುಕಟ್ಟಾಗಿದ್ದರೆ ಜನವರಿಯಿಂದ ಅತ್ತಿಗೆಯೇ ಬಂದು ಕಲಿಸಬಹುದು. ಅಣ್ಣ ಗಲ್ಲ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಆದರೆ ಚರಕ ನಿಂತರೆ ಅವನ ಉಸಿರೇ ನಿಲ್ಲುತ್ತಿತ್ತು.

"ಹೋಗ್ಬನ್ನಿ, ಬೇಡ ಅನ್ನಲ್ಲ. ಅವ್ರು ಒಪ್ಕೊಂಡ್ರೆ ನಾನು ಇನ್ನೊಬ್ಬಳ್ನ ಹುಡುಕ್ತೀನಿ. ಒಪ್ಲಿಲ್ಲಾಂದ್ರೆ ಈ ಹೂವು ಗೀವು ಎಲ್ಲಾ ಬಿಟ್ಟು ಸೋಮವಾರ ಬೆಳಿಗ್ಗೆ ಬಾಣಲೆ ಮುಂದೆ ಕೂತಿರ್ಬೇಕು, ಅಷ್ಟೆ."

ಅತ್ತಿಗೆ ತಲೆಯಾಡಿಸಿದಳು. ಬಿರುಕು ಬಿಟ್ಟ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಕ್ರಿಸ್ಮಸ್ಸಿಗೆ ನಕ್ಷತ್ರವಿಲ್ಲದಿದ್ದರೆ ಆಗುತ್ತದೆಯೇ? ನಕ್ಷತ್ರಕ್ಕೆ ಕತ್ತರಿಸಿದ ಗೂಡು ಆಗದು, ಇಡೀ ಗೂಡು ಬೇಕು. ಐದು ಹಳದಿ ಗೂಡುಗಳ ತುದಿ ಸೇರಿಸಿ ಹೊಲಿದು, ನೇಕಾರರ ಮನೆಯಿಂದ ಬೇಡಿ ತಂದ ಜರಿಯ ಚೂರನ್ನು ನಡುವೆ ಸುತ್ತಿದರೆ, ಅಬ್ಬಾ, ಬಣ್ಣವೇ ಬೇಕಿರಲಿಲ್ಲ! ಅದಕ್ಕೆ ಅಣ್ಣ ಒಳ್ಳೆಯ ಗೂಡನ್ನೇ ಒಂದು ಬಿದಿರಿನ ಮಂಕರಿ ತುಂಬ ಕೊಟ್ಟ. ಒಳಗಿನ ಹುಳ ಸಾಯುವ ಹಾಗೆ ಅದನ್ನು ಅರ್ಧ ಗಂಟೆ ಹಬೆಗೆ ಇಡುವ ಕೆಲಸವನ್ನು ಅತ್ತಿಗೆ ನನಗೆ ವಹಿಸಿದಳು.

ಆವತ್ತು ಸೌದೆ ಹಸಿಯಾಗಿತ್ತು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಬೆಳಿಗ್ಗೆ ತಾನೇ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಅತ್ತಿಗೆ ಬೈದಿದ್ದಳು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಐದು ನಿಮಿಷಕ್ಕೆ ಮಂಕರಿ ಇಳಿಸಿಬಿಟ್ಟೆ. ಹೇಗೂ ಎರಡು ದಿನ ಬಿಸಿಲಿಗೆ ಹಾಕುತ್ತೇವಲ್ಲ, ಹುಳ ಬದುಕುತ್ತದೆಯೇ ಅಂದುಕೊಂಡೆ. "ಆಯ್ತೇನೇ?" ಅಂತ ಅವಳು ಒಳಗಿನಿಂದ ಕೇಳಿದಳು. "ಆಯ್ತು" ಅಂದೆ.

ನೂಲು ತೆಗೆಯುವವರ ಮನೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ. ನಮ್ಮಲ್ಲಿ ಗೂಡು ಮನೆಗೆ ಬಂದ ನಾಲ್ಕೈದು ದಿನದಲ್ಲಿ ಬಾಣಲೆಗೆ ಬಿದ್ದು ಬೆಂದುಹೋಗುತ್ತದೆ. ಹಬೆ ಹೆಚ್ಚಾದರೂ ಕಮ್ಮಿಯಾದರೂ ಯಾರಿಗೂ ತಿಳಿಯುವುದಿಲ್ಲ. ಗೂಡಿನ ಮಧ್ಯೆಯೇ ಹುಟ್ಟಿ ಬೆಳೆದ ನಾನು ಹತ್ತೊಂಬತ್ತು ವರ್ಷ ತುಂಬಿದರೂ ಗೂಡು ಕೊರೆದು ಚಿಟ್ಟೆ ಹೊರಬರುವುದನ್ನು ಒಮ್ಮೆಯೂ ನೋಡಿರಲಿಲ್ಲ. ಆ ಎರಡು ದಿನವೂ ಮೋಡ ಮುಚ್ಚಿಕೊಂಡಿತ್ತು. ಅದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಒಂದು ವಾರ ಅತ್ತಿಗೆ ಬಾಣಲೆಯಿಂದ ಎದ್ದವಳೇ ನಕ್ಷತ್ರ ಹೊಲಿಯಲು ಕೂರುತ್ತಿದ್ದಳು. ಸೂಜಿಯನ್ನು ಕಣ್ಣಿನ ಹತ್ತಿರ ಹಿಡಿದು, ದಾರ ಬಿಗಿಯಾಯಿತೋ ಇಲ್ಲವೋ ಎಂದು ಮೇಲಿನ ತುಟಿಗೆ ಒತ್ತಿ ನೋಡುವಳು. ಒಂದೊಂದು ಹೊಲಿಗೆಗೂ ಹೀಗೆ. "ಏನತ್ತಿಗೆ, ಗೂಡಿಗೆ ಮುತ್ತು ಕೊಡ್ತಿದೀಯಾ? ಅಣ್ಣನ್ನ ಕರೀಲಾ?" ಎಂದು ರೇಗಿಸುತ್ತಿದ್ದೆ. "ಮುಚ್ಚೇ ಬಾಯಿ" ಎಂದು ನಗುತ್ತಿದ್ದಳು. ಹನ್ನೆರಡು ಸಣ್ಣ ನಕ್ಷತ್ರ, ಹದಿನೈದು ಗೂಡಿನ ಒಂದು ದೊಡ್ಡ ನಕ್ಷತ್ರ ಆದವು.

ಕ್ರಿಸ್ಮಸ್ಸಿನ ಮುಂಚಿನ ಶನಿವಾರ ಮೊದಲ ಬಸ್ಸು ಹಿಡಿದೆವು. ದೇವನಹಳ್ಳಿಯಲ್ಲಿ ಇಳಿದು ಬಸ್ಸು ಬದಲಾಯಿಸಬೇಕು. ಮಂಜು ಇನ್ನೂ ಕರಗಿರಲಿಲ್ಲ, ಅತ್ತಿಗೆ ಟೀ ತರಲು ಹೋಗಿದ್ದಳು. ನನ್ನ ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯ ಮುಚ್ಚಳ ಸರಿಮಾಡಲು ಎತ್ತಿದೆ. ಒಂದು ನಕ್ಷತ್ರದ ತುದಿ ಒದ್ದೆಯಾಗಿತ್ತು. ಮಂಜಿನ ನೀರಿರಬೇಕೆಂದು ಸೆರಗಿನಿಂದ ಒರೆಸಿದೆ. ಸೆರಗಿಗೆ ತಿಳಿ ಕಂದು ಬಣ್ಣ ಹತ್ತಿತು. ಗೂಡನ್ನು ಕಿವಿಗೆ ಹಿಡಿದೆ. ಒಳಗೆ ಕರ, ಕರ ಅನ್ನುವ ಸದ್ದು.

ಅಯ್ಯೋ ದೇವರೇ, ಹುಳ ಬದುಕಿದೆ! ಚಿಟ್ಟೆಯಾಗಿ ಹೊರಬರಲು ಗೂಡಿನ ತುದಿಯನ್ನು ಒಳಗಿನಿಂದ ನೆನೆಸುತ್ತಿದೆ.

ಆಗಲೇ ಹೇಳಿಬಿಡಬಹುದಿತ್ತು. ಅತ್ತಿಗೆ ಟೀ ಹಿಡಿದು ಬಂದಳು, ಮುಖದಲ್ಲಿ ನಾನು ಎಂದೂ ಕಾಣದ ಗೆಲುವು. "ಸಿಸ್ಟರ್ ಏನ್ ಕೇಳ್ತಾರೇ? ನಂಗೆ ಇಂಗ್ಲಿಷ್ ಬರಲ್ಲ ಅಂದ್ರೆ ಬೇಡ ಅಂದ್ಬಿಟ್ಟಾರಾ?" ಎಂದು ಕೇಳಿದಳು. "ಹೊಲ್ಗೆಗೆ ಇಂಗ್ಲಿಷ್ ಯಾಕೆ, ಸುಮ್ನಿರು" ಎಂದು ಸಿಡುಕಿದೆ. ದೊಡ್ಡಬಳ್ಳಾಪುರ ಮುಟ್ಟುವವರೆಗೆ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಕೂತಿದ್ದೆ, ಅದುಮಿದರೆ ಹುಳ ಸಾಯುತ್ತದೆಯೇನೋ ಅನ್ನುವ ಹಾಗೆ.

ಚರ್ಚಿನ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದ ಹೆಂಗಸರು, ಊರಿನ ನೇಕಾರರ ಮನೆಯವರು, ಕೇಕಿನ ವಾಸನೆ. ನಮಗೆ ಬೇವಿನ ಮರದ ಕೆಳಗಿನ ಮೇಜು ಕೊಟ್ಟಿದ್ದರು. ಸಿಸ್ಟರ್ ಬಂದು ನಕ್ಷತ್ರಗಳನ್ನು ನೋಡಿ ಎರಡೂ ಕೈ ಜೋಡಿಸಿಬಿಟ್ಟರು.

"ಎಷ್ಟು ಚೆಂದ ಉಂಟು ಮಾರಾಯ್ತಿ! ಈ ದೊಡ್ಡದನ್ನು ನಾನು ಗೋದಲಿಯ ಮೇಲೆ ಕಟ್ಟಿಸ್ತೇನೆ. ಹನ್ನೊಂದಕ್ಕೆ ಪಾದ್ರಿಗಳು ಬಂದು ಗೋದಲಿಗೆ ಪ್ರಾರ್ಥನೆ ಮಾಡ್ತಾರೆ. ಅದು ಮುಗಿದ ಮೇಲೆ ಕೆಲಸದ ವಿಷಯ ಮಾತಾಡುವ, ಆಯ್ತಾ?"

ಗೋದಲಿ ಅಂದರೆ ಏಸು ಹುಟ್ಟಿದ ದನದ ಕೊಟ್ಟಿಗೆಯ ಗೊಂಬೆ ಪ್ರದರ್ಶನ. ಜಗಲಿಯ ಮೇಲೆ ಹುಲ್ಲು ಹಾಸಿ, ಬಿಳಿ ಬಟ್ಟೆ ಹೊದಿಸಿ ಕಟ್ಟಿದ್ದರು. ನಮ್ಮ ದೊಡ್ಡ ನಕ್ಷತ್ರ ಅಲ್ಲಿಗೆ ಹೋಯಿತು. ಅತ್ತಿಗೆ ಅದನ್ನೇ ನೋಡುತ್ತ ನಿಂತಳು. ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತೂ ಮುಕ್ಕಾಲು.

ಮೇಜಿನ ಮೇಲಿದ್ದವುಗಳಲ್ಲಿ ಒದ್ದೆಯಾದ ಒಂದೊಂದನ್ನೇ ತೆಗೆದು ಕೆಳಗಿದ್ದ ಚೀಲಕ್ಕೆ ತುರುಕತೊಡಗಿದೆ. ಮೊದಲು ಎರಡು, ಆಮೇಲೆ ಇನ್ನೆರಡು. ಒಬ್ಬಾಕೆ ಒಂದು ನಕ್ಷತ್ರ ಕೈಗೆತ್ತಿಕೊಂಡು ಬೆಲೆ ಕೇಳಿದರೆ, ಅದು ಬೇರೆಯವರಿಗೆ ಹೇಳಿಯಾಗಿದೆ ಎಂದು ಕಿತ್ತುಕೊಂಡೆ. ಆಕೆ ಮುಖ ಗಂಟಿಕ್ಕಿಕೊಂಡು ಹೋದಳು.

"ಯಾಕೇ ಬಂದೋರ್ನೆಲ್ಲಾ ಓಡಿಸ್ತಿದೀಯಾ? ಉಳ್ದಿದ್ ನಕ್ಷತ್ರ ಎಲ್ಲಿ?" ಎಂದಳು ಅತ್ತಿಗೆ.

"ದಾರ ಬಿಚ್ಕೊಂಡಿತ್ತು, ಪಕ್ಕಕ್ಕಿಟ್ಟೆ."

"ನಾನ್ ಹಾಕಿದ್ ದಾರ ಬಿಚ್ಕೊಳ್ತಾ?" ಅವಳ ಮುಖ ಸಣ್ಣದಾಯಿತು. "ಕೊಡಿಲ್ಲಿ, ಅವ್ರು ಬರೋದ್ರೊಳ್ಗೆ ಹೊಲ್ದುಬಿಡ್ತೀನಿ."

"ಬೇಡ ಬಿಡು ಅಂದ್ನಲ್ಲ!" ಎಂದು ಕಿರುಚಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನನ್ನ ಕಾಲಿನ ಹತ್ತಿರ ಚೀಲದೊಳಗೆ ಏನೋ ಪಟಪಟ ಬಡಿದುಕೊಂಡಿತು. ಒಂದು ಹೊರಗೆ ಬಂದೇಬಿಟ್ಟಿತ್ತು. ಇಲ್ಲಿ ಬಂದಿದ್ದರೆ ಅಲ್ಲಿ, ಗೋದಲಿಯ ದೊಡ್ಡ ನಕ್ಷತ್ರದಲ್ಲಿಯೂ ಬರುತ್ತದೆ. ಅದೇ ಮಂಕರಿಯ ಗೂಡು, ಅದೇ ದಿನ. ಹನ್ನೊಂದಕ್ಕೆ ಇನ್ನು ಹತ್ತೇ ನಿಮಿಷ ಇತ್ತು, ಜಗಲಿಯ ಮುಂದೆ ಜನ ನಿಲ್ಲತೊಡಗಿದ್ದರು.

ಯೋಚನೆ ಮಾಡಲಿಲ್ಲ. ಚಪ್ಪಲಿ ಬಿಟ್ಟು ಪಕ್ಕದ ಮೆಟ್ಟಿಲಿನಿಂದ ಜಗಲಿ ಹತ್ತಿದೆ. ಹುಲ್ಲು ತುಳಿದು, ಮಣ್ಣಿನ ಕುರಿಮರಿಗಳನ್ನು ದಾಟಿ, ಸ್ಟೂಲಿನ ಮೇಲೆ ನಿಂತು ಕೈ ಚಾಚಿದೆ. ನಕ್ಷತ್ರದ ಒಂದು ತುದಿಯಲ್ಲಿ ಆಗಲೇ ತೂತು ಬಿದ್ದಿತ್ತು. ಅದರಿಂದ ಬಿಳಿ ತಲೆಯೊಂದು, ಆಮೇಲೆ ಮುದುಡಿದ ರೆಕ್ಕೆ ಹೊರಬರುತ್ತಿತ್ತು. ಇನ್ನೊಂದು ಚಿಟ್ಟೆ ಪೂರ್ತಿ ಹೊರಬಂದು ಜರಿ ಹಿಡಿದು ನೇತಾಡುತ್ತಿತ್ತು. ಕೆಳಗೆ ಮಗುವಿನ ಗೊಂಬೆಗೆ ಹೊದಿಸಿದ ಬಿಳಿ ಬಟ್ಟೆಯ ಮೇಲೆ ಕಂದು ಕಲೆಗಳು. ನಾನು ದಾರ ಕಿತ್ತೆ.

"ಏನು ಮಾಡ್ತಾ ಇದ್ದೀರಿ ನೀವು?"

ಸಿಸ್ಟರ್. ಅವರ ಹಿಂದೆ ಜನ, ಜನರನ್ನು ಸೀಳಿಕೊಂಡು ಓಡಿಬಂದ ಅತ್ತಿಗೆ. ನನ್ನ ಕೈಯಲ್ಲಿ ನಕ್ಷತ್ರ, ಅದರ ಮೇಲೆ ಹರಿದಾಡುವ ಚಿಟ್ಟೆ. ಯಾರೋ ಹುಡುಗಿ ಕಿಟಾರನೆ ಕಿರುಚಿದಳು.

"ಇದು ಎಂಥದು? ಹುಳ ಜೀವಂತ ಉಂಟಾ ಒಳಗೆ?" ಸಿಸ್ಟರ್ ದನಿ ಗಡುಸಾಗಿತ್ತು.

ಆ ಕ್ಷಣ ನಿಜ ಹೇಳಿದ್ದರೆ ಇವತ್ತು ನನಗೆ ಈ ಪರಿ ನಾಚಿಕೆಯಾಗುತ್ತಿರಲಿಲ್ಲ. ಹೆದರಿಕೆಗೆ ನನ್ನ ಬಾಯಿಂದ ಬಂದದ್ದೇ ಬೇರೆ. ಅತ್ತಿಗೆಯ ಕಡೆ ತಿರುಗಿ ಕೂಗಿದೆ: "ನನ್ನೇನ್ ಕೇಳ್ತೀರಾ, ಇವಳ್ನ ಕೇಳಿ! ಏನತ್ತಿಗೆ, ಒಂದ್ ವಾರ ಕೈಯಲ್ಲಿ ಹಿಡ್ಕೊಂಡ್ ಕೂತಿದ್ಯಲ್ಲ, ಗೊತ್ತಾಗ್ಲಿಲ್ವಾ ನಿಂಗೆ? ಗೂಡು ಮುಟ್ಟಿದ್ರೇ ಸಾಕು, ಒಳಗೆ ಹುಳ ಸತ್ತಿದ್ಯೋ ಬದ್ಕಿದ್ಯೋ ಹೇಳ್ತಿದ್ಯಲ್ಲ ನೀನು!"

ಅದು ಸುಳ್ಳೇನಲ್ಲ. ಬದುಕಿರುವ ಹುಳ ಬೆರಳಿಗೆ ಭಾರವಾಗಿ ಸಿಗುತ್ತದೆ, ಮಿಸುಕುತ್ತದೆ. ವಿಜಯಪುರದಲ್ಲಿ ಅತ್ತಿಗೆಯಷ್ಟು ಚೆನ್ನಾಗಿ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಅತ್ತಿಗೆ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದುಹಾಕಿತು. ತನ್ನ ಕೈಗಳನ್ನು ಸೆರಗಿನಿಂದ ಹೊರತೆಗೆದು ಒಮ್ಮೆ ನೋಡಿಕೊಂಡಳು.

"ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ. ದಸರಾದಿಂದ."

ಮೆಲ್ಲಗೆ ಹೇಳಿದಳು. ಆದರೆ ಸುತ್ತ ಸದ್ದೇ ಇರಲಿಲ್ಲ, ಎಲ್ಲರಿಗೂ ಕೇಳಿಸಿತು. ಹತ್ತಿರವಿದ್ದ ಇಬ್ಬರು ಹೆಂಗಸರು ಹಿಂದಕ್ಕೆ ಸರಿದರು. ಅವರು ಏಕೆ ಸರಿದರೆಂದು ನನಗೂ ಗೊತ್ತಿತ್ತು. ಬೆರಳಿನ ಸ್ಪರ್ಶ ಹೋಯಿತೆಂದರೆ ಆ ಕಾಲದಲ್ಲಿ ಜನರ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, ಕುಷ್ಠ. ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ. ಉರಿ ವಾಸಿಯಾಗಿರಲಿಲ್ಲ, ಬೆರಳೇ ಸತ್ತಿತ್ತು. ತುಟಿಗೆ ಒತ್ತಿ ಒತ್ತಿ ಹೊಲಿದದ್ದು ಅದಕ್ಕೆ. ಮತ್ತು ನಾನು ಮುತ್ತು ಕೊಡುತ್ತೀಯಾ ಎಂದು ನಕ್ಕಿದ್ದೆ.

ಸ್ಟೂಲಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. "ಅವಳ್ದಲ್ಲ ಸಿಸ್ಟರ್, ನಂದು ತಪ್ಪು" ಎಂದು ಅಳಲು ಶುರುಮಾಡಿದೆ. "ಹಬೆಗೆ ಇಡಕ್ಕೆ ನಂಗೆ ಹೇಳಿದ್ಲು. ಐದು ನಿಮಿಷಕ್ಕೆ ಇಳ್ಸಿ ಆಯ್ತು ಅಂತ ಸುಳ್ಳು ಹೇಳ್ದೆ. ಬೆಳಿಗ್ಗೆನೇ ಗೊತ್ತಾಗಿತ್ತು, ಆಗ್ಲೂ ಹೇಳ್ಲಿಲ್ಲ."

ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ. ಅತ್ತಿಗೆಯ ಭುಜ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮೊದಲು ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರಂತೆ. ಹೊರಗೆ ಗೊಂಬೆಯ ಕಲೆಯಾದ ಬಟ್ಟೆ ಬದಲಾಯಿಸಿದರು, ಪಾದ್ರಿಗಳು ಬಂದರು, ಪ್ರಾರ್ಥನೆ ನಡೆಯಿತು, ನಕ್ಷತ್ರವಿಲ್ಲದ ಗೋದಲಿಯ ಮುಂದೆ ಹಾಡಿದರು. ನಾನು ಮುಚ್ಚಿದ ಬಾಗಿಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಕುಷ್ಠವೇ ಆಗಿದ್ದರೆ? ಅಣ್ಣನಿಗೆ ಏನು ಹೇಳುವುದು? ಇಷ್ಟು ಜನರ ಮುಂದೆ ಅವಳ ಬಾಯಿಂದ ಅದನ್ನು ಹೊರಡಿಸಿದವಳು ನಾನೇ ಅಲ್ಲವೇ?

ಬಾಗಿಲು ತೆಗೆದಾಗ ಸಿಸ್ಟರ್ ಕೈಯಲ್ಲಿ ಒಂದು ಸೂಜಿ, ಒಂದಿಷ್ಟು ಹತ್ತಿ ಇತ್ತು.

"ಕೇಳಿ. ನೀವು ಹೆದರಿದ ರೋಗ ಅಲ್ಲ. ಮೈಯಲ್ಲಿ ಎಲ್ಲಿಯೂ ಮಚ್ಚೆ ಇಲ್ಲ, ಮಣಿಕಟ್ಟಿನ ಮೇಲೆ ಎಲ್ಲ ಗೊತ್ತಾಗ್ತದೆ. ಆದರೂ ನಮ್ಮ ಡಾಕ್ಟರಿಗೆ ತೋರಿಸ್ತೇನೆ. ಇದು ಬಿಸಿನೀರಿನ ಕೆಲಸ." ಅವರು ಅತ್ತಿಗೆಯ ಕಡೆ ತಿರುಗಿದರು. "ಈ ಕೈಗೆ ಈಗ ಮಕ್ಕಳನ್ನು ಒಪ್ಪಿಸಲಿಕ್ಕೆ ನನಗೆ ಆಗುವುದಿಲ್ಲ. ಸೂಜಿ ಚುಚ್ಚಿದರೂ ನಿಮಗೆ ತಿಳಿಯುವುದಿಲ್ಲ. ಜೂನ್‌ವರೆಗೆ ನಾನೇ ಹೇಗೋ ಸುಧಾರಿಸ್ತೇನೆ. ಅಷ್ಟರವರೆಗೆ ಬಾಣಲೆ ಮುಟ್ಟದೆ ಇದ್ದರೆ ಬೆರಳು ತಿರುಗಿ ಬರಬಹುದು. ಬಂದರೆ ಕೆಲಸ ನಿಮ್ಮದು. ಮುಟ್ಟಿದರೆ ಮಾತ್ರ ದೇವರೂ ಏನೂ ಮಾಡುವ ಹಾಗಿಲ್ಲ."

ಜೂನ್! ಅಣ್ಣ ಕೊಟ್ಟ ಗಡುವು ಸೋಮವಾರ.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಕಾಲ ಬಳಿಯ ಚೀಲದಲ್ಲಿ ಚಿಟ್ಟೆಗಳು ಬಡಿದುಕೊಳ್ಳುತ್ತಿದ್ದವು. ದೇವನಹಳ್ಳಿಯಲ್ಲಿ ಇಳಿದಾಗ ಅತ್ತಿಗೆ ಅವನ್ನು ಒಂದೊಂದಾಗಿ ತೆಗೆದು ಬೇಲಿಯ ಎಲೆಗಳ ಮೇಲೆ ಬಿಟ್ಟಳು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ಸುಮ್ಮನೆ ರೆಕ್ಕೆ ಅದುರಿಸುತ್ತ ಕೂತವು. "ಬೈಯಿ ಅತ್ತಿಗೆ, ಒಂದ್ಸಲ ಬೈದ್ಬಿಡು" ಎಂದೆ. "ಬೈದ್ರೆ ಬೆರಳು ಬರತ್ತಾ?" ಎಂದಳು.

ಮನೆಯಲ್ಲಿ ಅಣ್ಣನಿಗೆ ಎಲ್ಲವನ್ನೂ ಹೇಳಿದ್ದು ನಾನೇ. ಅವನು ಬಹಳ ಹೊತ್ತು ಅತ್ತಿಗೆಯ ಕೈಗಳನ್ನು ಹಿಡಿದು ಕೂತಿದ್ದ. "ನಂಗ್ಯಾಕೆ ಹೇಳ್ಲಿಲ್ಲ" ಎಂದು ಮೂರು ಸಲ ಕೇಳಿದ. ಆಮೇಲೆ ತಲೆ ತಗ್ಗಿಸಿ, "ಚರಕ ನಿಲ್ಸಕ್ಕಾಗಲ್ವಲ್ಲೇ" ಅಂದ.

ಸೋಮವಾರ ಬೆಳಿಗ್ಗೆ ಬಾಣಲೆಯ ಮುಂದೆ ಕೂತವಳು ನಾನು. ಅಣ್ಣ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ. "ಓದಿದೋಳ ಕೈನೂ ಕೈಯೇ, ಹೋಗಣ್ಣ" ಎಂದೆ. ಮೊದಲ ಸಲ ನೀರಿಗೆ ಬೆರಳು ಹಾಕಿದಾಗ ಅಮ್ಮಾ ಎಂದು ಚೀರಿದೆ, ಕೂಲಿಯ ಹೆಂಗಸು ಮುಸಿಮುಸಿ ನಕ್ಕಳು. ಅತ್ತಿಗೆ ನನ್ನ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕೂತು, "ಪೂರ್ತಿ ಅದ್ದಬೇಡ್ವೇ, ತುದೀಲಿ ಹಿಡಿ, ತಣ್ಣೀರ್ ಪಕ್ಕದಲ್ಲಿಟ್ಕೋ" ಎಂದು ಹೇಳಿಕೊಡುತ್ತಿದ್ದಳು. ತನಗೆ ಯಾರೂ ಹೇಳಿಕೊಡದಿದ್ದದ್ದನ್ನೆಲ್ಲ ನನಗೆ ಹೇಳಿಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ನನ್ನ ಬೆರಳೂ ಬಿರಿಯಿತು. ಸಾರಿನ ಖಾರಕ್ಕೆ ನನ್ನ ಕಣ್ಣಲ್ಲೂ ನೀರು ಬಂತು. ಉರಿ ಇರುವಷ್ಟು ದಿನ ಬೆರಳು ಬದುಕಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದಿನಾ ಸಂಜೆ ಅವಳ ಬೆರಳಿಗೆ ಹರಳೆಣ್ಣೆ ತಿಕ್ಕಿ, ಕಣ್ಣು ಮುಚ್ಚಿಸಿ, ಒಂದು ಬೆರಳು ಮುಟ್ಟಿ ಕೇಳುತ್ತಿದ್ದೆ. "ಯಾವ್ದು?" ಅವಳು ತಪ್ಪು ಹೇಳುತ್ತಿದ್ದಳು. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು, ತಪ್ಪೇ ಹೇಳುತ್ತಿದ್ದಳು. ಆಮೇಲೆ ಕೇಳುವುದಕ್ಕೇ ನನಗೆ ಧೈರ್ಯ ಸಾಲದೆ ಬಿಟ್ಟುಬಿಟ್ಟೆ.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ನಾನು ಹೊಸ ಮಂಕರಿಯಿಂದ ಗೂಡು ಬಾಚಿ ಬಾಣಲೆಗೆ ಹಾಕುತ್ತಿದ್ದೆ. ಅತ್ತಿಗೆ ಪಕ್ಕದಲ್ಲಿ ಕೂತು ಕಸ ಆರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ಒಂದು ಗೂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಿದ್ದಳು. ತುಟಿಗೆ ಒತ್ತಿರಲಿಲ್ಲ, ಕಣ್ಣಿನ ಹತ್ತಿರ ತಂದಿರಲಿಲ್ಲ. ಬಾಗಿಲಿನ ಕಡೆ ಎಲ್ಲೋ ನೋಡುತ್ತಿದ್ದಳು.

"ಲೇ, ಈ ಮಂಕರಿಗೆ ಹಬೆ ಸಾಲ್ದು ಕಣೇ" ಎಂದಳು. "ಇದ್ರಲ್ಲಿ ಹುಳ ಮಿಸುಕ್ತಾ ಇದೆ."

ನಾನು ಗೂಡನ್ನು ನೋಡಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವಳಿಗೂ ಆಗ ಗೊತ್ತಾಯಿತು.